ವಿದೇಶಿ ವ್ಯಾಸಂಗ: ಅರ್ಜಿಗೂ ಮುಂಚಿನ ಒಂದು ವರ್ಷ

ಬರೋಡಾ ಸಂಸ್ಥಾನ ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡ್‌ಗಳ ವಿದ್ಯಾರ್ಥಿವೇತನದ ಬಲದಿಂದ 1913ರಲ್ಲಿ ಅಂಬೇಡ್ಕರ್ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಇಂದು ಅಂಥ ನೆರವಿಗಾಗಿ ಮಹಾರಾಜರ ಔದಾರ್ಯಕ್ಕೆ ಕಾಯಬೇಕಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ವಿದೇಶದಲ್ಲಿ ಸ್ನಾತಕೋತ್ತರ ಪದವಿ ಅಥವಾ ಪಿಎಚ್.ಡಿ. ಮಾಡಲೆಂದೇ ಇರುವ ಯೋಜನೆ ಇದು.

ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ಅದರಲ್ಲಿ ಶೇ 30 ಮಹಿಳೆಯರಿಗೆ ಮೀಸಲು. ವಯಸ್ಸು 35ರೊಳಗಿರಬೇಕು, ಅರ್ಹತಾ ಪರೀಕ್ಷೆಯಲ್ಲಿ ಶೇ 60 ಅಂಕ ಬಂದಿರಬೇಕು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು. ಆಯ್ಕೆಯಾದರೆ ಬೋಧನಾ ಶುಲ್ಕ, ವೀಸಾ, ವಿಮಾನದ ಖರ್ಚು ಸರ್ಕಾರದ್ದು. ಜೀವನ ವೆಚ್ಚಕ್ಕೆಂದು ಬ್ರಿಟನ್‌ನಲ್ಲಿ ವರ್ಷಕ್ಕೆ 9,900 ಪೌಂಡ್, ಅಮೆರಿಕದಲ್ಲಿ 15,400 ಡಾಲರ್ ಸಿಗುತ್ತದೆ.

ಆದರೆ ನಿಜವಾದ ಸ್ಪರ್ಧೆ ಅರ್ಜಿ ಕರೆಯುವ ಮೊದಲೇ ನಡೆದುಹೋಗಿರುತ್ತದೆ. ಕ್ಯೂಎಸ್ ಜಾಗತಿಕ ಶ್ರೇಯಾಂಕ ಪಟ್ಟಿಯ ಮೊದಲ 500 ವಿಶ್ವವಿದ್ಯಾಲಯಗಳಲ್ಲೊಂದು ಷರತ್ತಿಲ್ಲದ ಪ್ರವೇಶಪತ್ರ ಕೊಟ್ಟಿರಬೇಕು. ಆ ಪಟ್ಟಿಯಲ್ಲಿ ವಿಶ್ವವಿದ್ಯಾಲಯ ಎಷ್ಟು ಮೇಲಿದೆಯೋ ಆಯ್ಕೆಯಲ್ಲಿ ವಿದ್ಯಾರ್ಥಿಗೂ ಅಷ್ಟು ಆದ್ಯತೆ. ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಮೊದಲು ಕಳಿಸುವುದು ಷರತ್ತಿನ ಪತ್ರವನ್ನು: ಅಂತಿಮ ಅಂಕಪಟ್ಟಿ ಕೊಡಿ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೊಡಿ, ಕೆಲವೆಡೆ ಮುಂಗಡ ಕಟ್ಟಿ. ಒಂದೊಂದು ಷರತ್ತಿಗೂ ವಾರಗಳು ಬೇಕು. ಮುಂಗಡಕ್ಕೆ ಹಣವಿಲ್ಲದವರು ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಿರುವುದಾಗಿ ಪ್ರವೇಶ ವಿಭಾಗಕ್ಕೆ ಬರೆದು ವಿನಾಯಿತಿ ಕೇಳಬಹುದು. ಕೇಳುವುದರಲ್ಲಿ ಸಂಕೋಚ ಬೇಡ. ಇತ್ತ ಪಾಸ್‌ಪೋರ್ಟ್, ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರಗಳೂ ಕೈಯಲ್ಲಿರಬೇಕು. ಆದ್ದರಿಂದ ತಯಾರಿ ಒಂದು ವರ್ಷ ಮೊದಲೇ ಶುರುವಾಗಬೇಕು.

ನಮ್ಮ ಮಕ್ಕಳು ಹಿಂದೆ ಬೀಳುವ ಇನ್ನೊಂದು ಜಾಗ ಶಿಫಾರಸು ಪತ್ರ. ‘ನನಗೆ ತಿಳಿದಮಟ್ಟಿಗೆ ಈತ ಸನ್ನಡತೆಯ, ಶ್ರಮಜೀವಿ ವಿದ್ಯಾರ್ಥಿ’ ಎಂದು ನಡತೆ ಪ್ರಮಾಣಪತ್ರದ ಧಾಟಿಯಲ್ಲಿ ಬರೆದುಕೊಟ್ಟರೆ ವಿದೇಶದ ಪ್ರಾಧ್ಯಾಪಕರಿಗೆ ಏನೂ ತಿಳಿಯುವುದಿಲ್ಲ. ‘ಊರಿನ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ ಫ್ಲೋರೈಡ್ ಬಗ್ಗೆ ಪ್ರಾಜೆಕ್ಟ್ ಮಾಡಿದಳು; ಮೊದಲ ಫಲಿತಾಂಶದ ಮೇಲೆ ಅನುಮಾನ ಬಂದು ತಾನೇ ಮತ್ತೆ ಮಾದರಿ ತಂದಳು’ ಎಂದು ಬರೆದರೆ ಆಕೆ ಸಂಶೋಧನೆಗೆ ತಕ್ಕವಳೆಂಬುದು ಅವರಿಗೆ ಮನದಟ್ಟಾಗುತ್ತದೆ. ಹಾಗೆ ಬರೆಯಲು ಮೇಷ್ಟ್ರು ವಿದ್ಯಾರ್ಥಿಯ ಕೆಲಸವನ್ನು ಬಲ್ಲವರಾಗಿರಬೇಕು.

ನಗರದ ದೊಡ್ಡ ಕಾಲೇಜುಗಳಲ್ಲಿ ಇದನ್ನೆಲ್ಲ ಹೇಳಿಕೊಡುವ ಹಿರಿಯ ವಿದ್ಯಾರ್ಥಿಗಳಿರುತ್ತಾರೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನ ಹುಡುಗಿಗೆ ಯಾರಿದ್ದಾರೆ? ವಿದೇಶಿ ವ್ಯಾಸಂಗಕ್ಕೆ ನೆರವಾಗುವ, ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಇದೆ ಎಂದು ಅವಳಿಗೆ ತಿಳಿಸುವವರಾರು? ಪ್ರತಿ ಪದವಿ ಕಾಲೇಜಿನಲ್ಲೂ ಒಬ್ಬ ಅಧ್ಯಾಪಕರಿಗೆ ಈ ಹೊಣೆ ವಹಿಸಿ, ಅದನ್ನು ಅವರ ಕೆಲಸದ ಅವಧಿಯಲ್ಲೇ ಲೆಕ್ಕ ಹಿಡಿಯಬೇಕು. ಅಂತಿಮ ವರ್ಷದ ಮೊದಲ ತಿಂಗಳಲ್ಲೇ ಅವರು ತರಗತಿಗೆ ಹೋಗಿ ‘ಯಾರು ಯಾರು ಮುಂದೆ ಓದುತ್ತೀರಿ?’ ಎಂದು ಕೇಳಲಿ. ಆ ಪ್ರಶ್ನೆಯನ್ನು ಯಾರೂ ಕೇಳದ ಕಾರಣಕ್ಕೇ ಅರ್ಹರು ಮನೆಯಲ್ಲಿ ಉಳಿಯುವಂತಾಗಬಾರದು.