ಖರೀದಿ ಜೂಜಾಗಬಾರದು: ಜೂಜುವಾಡಿಯ ಮನೆಗೊಂದು ಆಟದ ಕಂಪ್ಯೂಟರು

ಗಡಿಯ ಊರುಗಳಿಗೆ ಒಂದು ಸಾಮಾನ್ಯ ಲಕ್ಷಣವುಂಟು. ಅವುಗಳ ರಾಜಧಾನಿ ದೂರ, ಪೇಟೆ ಹತ್ತಿರ. ಆದರೆ ಆ ಪೇಟೆ ಇರುವುದು ಪಕ್ಕದ ರಾಜ್ಯದಲ್ಲಿ. ಕಾಸರಗೋಡಿನ ನಮಗೆ ಮಂಗಳೂರು ಹೇಗೋ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರಿನವರಿಗೆ ಬೆಂಗಳೂರು ಹಾಗೆ. ಅತ್ತಿಬೆಲೆಯನ್ನು ದಾಟಿ ತಮಿಳುನಾಡಿಗೆ ಕಾಲಿಟ್ಟೊಡನೆ ಸಿಗುವ ಜೂಜುವಾಡಿ ಅಂತಹ ಒಂದು ಊರು. ಲಾರಿಯವರ ಬಾಯಲ್ಲಿ ಚೆಕ್‌ಪೋಸ್ಟಿನ ಹೆಸರಾಗಿಯೇ ಬಳಕೆಯಾದ ಈ ಊರು ಇಂದು ಹೊಸೂರು ನಗರಪಾಲಿಕೆಯ ಅಂಗ. ಬದಿಯಲ್ಲೇ ಸಿಪ್ಕಾಟ್ ಕೈಗಾರಿಕಾ ಪ್ರದೇಶ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಬೀದಿಗಳು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಹೊಸೂರು ಅಂದಿನ ಮದರಾಸು ರಾಜ್ಯದಲ್ಲೇ ಉಳಿಯಿತು. ಆದುದರಿಂದ ಅಲ್ಲಿನ ಕನ್ನಡ ಮನೆಗಳ ಸುಖದುಃಖ ನಮಗೆ ಅಪರಿಚಿತವಲ್ಲ.

ಅಂತಹ ಮನೆಯೊಂದನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ತಂದೆ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಮಗ ಕಾಲೇಜಿನಲ್ಲಿದ್ದಾನೆ. ಏಳೆಂಟು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರೊಂದು ಮನೆಯಲ್ಲಿದೆ. ಹೊಸ ಆಟಗಳನ್ನು ಹೆಚ್ಚು ಸ್ಪಷ್ಟವಾದ ದೊಡ್ಡ ಪರದೆಯಲ್ಲಿ ಆಡಬೇಕೆಂದು ಮಗನ ಆಸೆ. ಹಳೆಯ ಯಂತ್ರ ಅದಕ್ಕೆ ಏದುಸಿರು ಬಿಡುತ್ತದೆ. "ಹೊಸದೇ ಬೇಕು" ಎನ್ನುತ್ತಾನೆ ಮಗ. "ಆಟಕ್ಕೆ ಇಷ್ಟೊಂದು ದುಡ್ಡೇ?" ಎನ್ನುತ್ತಾರೆ ತಂದೆ.

ಆಟವೆಂದ ಮಾತ್ರಕ್ಕೆ ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ರೇಡಿಯೋ, ಸಿನಿಮಾ, ದೂರದರ್ಶನಗಳು ಬಂದಾಗಲೂ ಇದೇ ಬೈಗುಳವನ್ನು ಕೇಳಿದ್ದೇವೆ. ಆದರೆ ಒಂದೆರಡು ತಿಂಗಳ ದುಡಿಮೆಯ ಹಣ ಇಲ್ಲಿ ಪಣಕ್ಕಿದೆ ಎಂಬುದೂ ಸುಳ್ಳಲ್ಲ. ತಪ್ಪು ಸಾಮಾನು ತಂದು ಆಟ ಓಡದೆಹೋದರೆ ಹಣ ಹೋಗುವುದಷ್ಟೇ ಅಲ್ಲ, ಮುಂದಿನ ಸಲ ಮಗನ ಮಾತಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ. ಊರಿನ ಹೆಸರಿನಲ್ಲಿ ಜೂಜು ಇದ್ದರೂ ಇಂತಹ ಖರೀದಿ ಜೂಜಾಗಬಾರದು. ಸ್ವಲ್ಪ ಲೆಕ್ಕ ಬಲ್ಲವರಿಗೆ ಅದು ಜೂಜಾಗಬೇಕಾಗಿಯೂ ಇಲ್ಲ.

ಮೊದಲು ಚುಕ್ಕೆಗಳ ಲೆಕ್ಕ

ಪರದೆಯ ಚಿತ್ರವೆಂದರೆ ಚುಕ್ಕೆಗಳ ರಂಗೋಲಿ. ಸಾಮಾನ್ಯವಾಗಿ ಮನೆಗಳಲ್ಲಿರುವ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು ಸುಮಾರು 20 ಲಕ್ಷದ 74 ಸಾವಿರ. ಅದರ ಮೇಲಿನ ದರ್ಜೆ 2560ಕ್ಕೆ 1440. ಸುಮಾರು 36 ಲಕ್ಷದ 86 ಸಾವಿರ. 4ಕೆ ಎಂದು ಕರೆಯುವ ಪರದೆಯಲ್ಲಿ 3840ಕ್ಕೆ 2160, ಅಂದರೆ ಸುಮಾರು 82 ಲಕ್ಷದ 94 ಸಾವಿರ. ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಆಟ ನಯವಾಗಿ ಓಡಬೇಕಾದರೆ ಸೆಕೆಂಡಿಗೆ 60 ಸಲವಾದರೂ ಚಿತ್ರ ಬದಲಾಗಬೇಕು. ಹಾಗಾದರೆ 4ಕೆ ಪರದೆಗಾಗಿ ಪ್ರತಿ ಸೆಕೆಂಡಿಗೆ ಬಿಡಿಸಬೇಕಾದ ಚುಕ್ಕೆಗಳು ಸುಮಾರು 50 ಕೋಟಿ!

ಈ ಕೆಲಸವನ್ನೆಲ್ಲ ಮಾಡುವುದು ಗ್ರಾಫಿಕ್ಸ್ ಕಾರ್ಡು. ಪ್ರೊಸೆಸರಿನ ಕೆಲಸ ಬೇರೆ. ಆಟದೊಳಗೆ ಯಾರು ಎಲ್ಲಿದ್ದಾರೆ, ಚೆಂಡು ಎತ್ತ ಹೋಯಿತು ಎಂಬ ಲೆಕ್ಕ ಅದರದು. ಚುಕ್ಕೆಗಳು ನಾಲ್ಕು ಪಟ್ಟಾದರೆ ಕಾರ್ಡಿನ ಹೊರೆ ಬಹಳವಾಗಿ ಏರುತ್ತದೆ, ಪ್ರೊಸೆಸರಿನ ಹೊರೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ಹಣ ಉಳಿದಂತೆಯೇ. ದೊಡ್ಡ ಪರದೆಗೆಂದು ಪ್ರೊಸೆಸರು, ಬೋರ್ಡು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕೆಂಬುದು ಅನೇಕ ಸಲ ಅನಾವಶ್ಯಕ.

ಪರದೆಯನ್ನು ಮೊದಲು ನಿರ್ಧರಿಸಿರಿ

ಅಂಗಡಿಗೆ ಹೋಗುವ ಮೊದಲೇ ತೀರ್ಮಾನವಾಗಬೇಕಾದುದು ಪರದೆ. ಏಕೆಂದರೆ ಕಾರ್ಡಿನ ಶಕ್ತಿ ಎಷ್ಟಿರಬೇಕೆಂಬುದನ್ನು ಹೇಳುವುದು ಅದೇ. ಮಿತವಾದ ಹಣವುಳ್ಳವರಿಗೆ ನಮ್ಮ ಸಲಹೆ 27 ಅಂಗುಲದ, 2560ಕ್ಕೆ 1440 ಚುಕ್ಕೆಗಳ ಪರದೆ. 4ಕೆಯ ಅರ್ಧಕ್ಕಿಂತಲೂ ಕಡಿಮೆ ಹೊರೆ, ಆದರೂ ಕಣ್ಣಿಗೆ ಸ್ಪಷ್ಟ. ಅಂಗುಲಕ್ಕೆ ಸುಮಾರು 109 ಚುಕ್ಕೆಗಳು ಬರುತ್ತವೆ. ಅದೇ 27 ಅಂಗುಲದಲ್ಲಿ ಫುಲ್ ಎಚ್‌ಡಿ ಪರದೆ ಕೊಂಡರೆ ಅಂಗುಲಕ್ಕೆ 82 ಮಾತ್ರ. ಪರದೆ ದೊಡ್ಡದಾಯಿತು, ಚಿತ್ರ ಒರಟಾಯಿತು ಎಂಬಂತಾಗುತ್ತದೆ.

ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಲಾಭವುಂಟು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳು ಒರಟು ಪರದೆಯಲ್ಲಿ ಸಣ್ಣ ಗಾತ್ರಕ್ಕೆ ಇಳಿದಾಗ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ. ಚುಕ್ಕೆಗಳು ದಟ್ಟವಾದಷ್ಟೂ ಒತ್ತು ಬಿಡಿಬಿಡಿಯಾಗಿ ಓದಲು ಬರುತ್ತದೆ. ಮಗನ ಆಟ ಮುಗಿದ ಮೇಲೆ ತಾತ ಅದೇ ಪರದೆಯ ಮುಂದೆ ಕುಳಿತು ಕನ್ನಡ ಪತ್ರಿಕೆ ಓದಬಹುದಾದರೆ ಮನೆಯವರ ಒಪ್ಪಿಗೆ ಇನ್ನಷ್ಟು ಸುಲಭವಲ್ಲವೆ?

4ಕೆಯೇ ಬೇಕೆಂಬ ಹಟವಿದ್ದರೆ ಕೇಬಲನ್ನೂ ಗಮನಿಸಬೇಕು. ಹಳೆಯ ಎಚ್‌ಡಿಎಂಐ 1.4 ದರ್ಜೆಯದು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಸಾಗಿಸುತ್ತದೆ. 60ಕ್ಕೆ ಎಚ್‌ಡಿಎಂಐ 2.0 ಬೇಕು.

ಕಾರ್ಡು: ಹೆಸರು ಒಂದೇ, ಹೊಟ್ಟೆ ಬೇರೆ

ಎನ್‌ವಿಡಿಯಾ, ಎಎಂಡಿ, ಇಂಟೆಲ್ ಈ ಮೂರು ಕಂಪೆನಿಗಳ ಚಿಪ್ಪುಗಳಿರುವ ಕಾರ್ಡುಗಳು ಪೇಟೆಯಲ್ಲಿವೆ. ಕೊಳ್ಳುವವರು ಮುಖ್ಯವಾಗಿ ನೋಡಬೇಕಾದುದು ಕಾರ್ಡಿನ ಸ್ವಂತ ಮೆಮೊರಿಯನ್ನು. ಚಿತ್ರ ದೊಡ್ಡದಾದಂತೆ ಈ ಮೆಮೊರಿಯೂ ಹೆಚ್ಚು ಬೇಕು. ಈಚಿನ ದೊಡ್ಡ ಆಟಗಳಲ್ಲಿ ಹಲವಕ್ಕೆ 8 ಜಿಬಿ ಸಾಲದೆ ಚಿತ್ರ ತಡವರಿಸುತ್ತದೆ. 12 ಅಥವಾ 16 ಜಿಬಿ ಇರುವುದು ನಾಲ್ಕಾರು ವರ್ಷ ಬಾಳಿಕೆಗೆ ಬಂದೀತು.

ಇಲ್ಲೊಂದು ಮೋಸದ ಗುಂಡಿಯಿದೆ. 2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡುಗಳೆರಡೂ 8 ಜಿಬಿ, 16 ಜಿಬಿ ಎಂಬ ಎರಡೆರಡು ರೂಪಗಳಲ್ಲಿವೆ. ಹೆಸರು ಮಾತ್ರ ಒಂದೇ. ಅಗ್ಗವಾಯಿತೆಂದು ಪೆಟ್ಟಿಗೆಯ ಮೂಲೆಯ ಅಂಕೆ ನೋಡದೆ ತಂದವರಿಗೆ ಮನೆಯಲ್ಲಿ ಗೊತ್ತಾಗುತ್ತದೆ. ಬಿಲ್ಲಿನಲ್ಲಿಯೂ ಎಷ್ಟು ಜಿಬಿ ಎಂಬುದನ್ನು ಬರೆಸಿಕೊಳ್ಳುವುದು ಒಳ್ಳೆಯದು.

ಚಿತ್ರವನ್ನು ಸಣ್ಣದಾಗಿ ಬಿಡಿಸಿ, ಆಮೇಲೆ ಜಾಣತನದಿಂದ ಹಿಗ್ಗಿಸುವ ಉಪಾಯವನ್ನು ಈಗಿನ ಕಾರ್ಡುಗಳು ಕಲಿತಿವೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಎಕ್ಸ್‌ಇಎಸ್‌ಎಸ್ ಎಂದು ಆ ಮೂರು ಕಂಪೆನಿಗಳು ಅದಕ್ಕಿಟ್ಟ ಹೆಸರುಗಳು. ಮೊದಲ ಎರಡರ 'ಕ್ವಾಲಿಟಿ' ಎಂಬ ಏರ್ಪಾಟಿನಲ್ಲಿ 4ಕೆ ಚಿತ್ರಕ್ಕಾಗಿ ಕಾರ್ಡು ನಿಜವಾಗಿ ಬಿಡಿಸುವುದು 2560ಕ್ಕೆ 1440ರಷ್ಟನ್ನೇ. ಮಧ್ಯಮ ದರ್ಜೆಯ ಕಾರ್ಡು ಕೊಂಡವರಿಗೆ ಇದು ದೊಡ್ಡ ನೆರವು.

ಹಳತನ್ನು ಎಸೆಯುವ ಮುನ್ನ

ಪ್ರೊಸೆಸರನ್ನು ಬದಲಾಯಿಸಲೇಬೇಕಾದ ಸಂದರ್ಭಗಳೂ ಉಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲಿನಲ್ಲಾದರೆ ಎಂಟನೆಯ ತಲೆಮಾರು, ಎಎಂಡಿಯಲ್ಲಾದರೆ ರೈಜನ್ 2000 ಸಾಲು ಅಥವಾ ಅದರ ಮೇಲಿನದು ಬೇಕು. ನಿಮ್ಮ ಯಂತ್ರ ಅದಕ್ಕಿಂತ ಹಳೆಯದಾದರೆ ಅದಕ್ಕೆ ದುಬಾರಿ ಕಾರ್ಡು ತೊಡಿಸುವುದು ಮುರುಕಲು ಮನೆಗೆ ಸಾಗುವಾನಿಯ ಬಾಗಿಲು ಇಟ್ಟಂತೆ.

ಅಲ್ಲಿಂದ ಈಚಿನದಾದರೆ ಅವಸರ ಬೇಡ. ಉದಾಹರಣೆಗೆ 2018ರಲ್ಲಿ ಬಂದ ರೈಜನ್ 5 2600 ಪ್ರೊಸೆಸರು ಬಿ450 ಬೋರ್ಡಿನ ಮೇಲಿದೆ ಎನ್ನಿ. ಅದು ಎಎಂ4 ಸಾಕೆಟ್ಟು. ಬೋರ್ಡಿನ ಬಯೋಸ್ ತಂತ್ರಾಂಶವನ್ನು ಹೊಸದಾಗಿಸಿದರೆ 2020ರಲ್ಲಿ ಬಂದ ರೈಜನ್ 5000 ಸಾಲಿನ ಪ್ರೊಸೆಸರುಗಳೂ ಅದೇ ಬೋರ್ಡಿನ ಮೇಲೆ ಕೂರುತ್ತವೆ. ಹಳೆಯ ಪ್ರೊಸೆಸರನ್ನು ಕಳಚುವ ಮೊದಲೇ ಬಯೋಸ್ ಕೆಲಸ ಮುಗಿಸಬೇಕು. ಇಂಟೆಲಿನ ಎಂಟನೆಯ ತಲೆಮಾರಿನ ಬೋರ್ಡಿಗೆ ಈ ಅನುಕೂಲ ಕಡಿಮೆ. ಒಂಬತ್ತನೆಯದಕ್ಕೆ ಅದರ ದಾರಿ ಮುಗಿಯುತ್ತದೆ.

ರ‍್ಯಾಮಿನ ವಿಷಯದಲ್ಲಂತೂ ಇದ್ದುದನ್ನು ಕಾಪಾಡಿಕೊಳ್ಳುವುದೇ ಜಾಣತನ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿತು. 8 ಜಿಬಿಯ ಎರಡು ಕಡ್ಡಿಗಳು ಮನೆಯ ಯಂತ್ರದಲ್ಲಿದ್ದರೆ ಹೆಚ್ಚಿನ ಆಟಗಳಿಗೆ ಸದ್ಯಕ್ಕೆ ಸಾಕು. ಹೊಸ ಎಎಂ5 ಬೋರ್ಡುಗಳಿಗೆ ಡಿಡಿಆರ್5 ರ‍್ಯಾಮೇ ಬೇಕಾದುದರಿಂದ, ಬೋರ್ಡು ಬದಲಾಯಿಸಿದರೆ ಹಳೆಯ ಡಿಡಿಆರ್4 ಕಡ್ಡಿಗಳು ನಿರುಪಯೋಗವಾಗುತ್ತವೆ ಎಂಬುದು ನೆನಪಿರಲಿ.

ಕಾಣದ ಪೆಟ್ಟಿಗೆ

ಹೊರಗೆ ಕಾಣದ ಎಸ್‌ಎಂಪಿಎಸ್ ಪೆಟ್ಟಿಗೆಯಲ್ಲಿ ಹಣ ಉಳಿಸಲು ಹೋಗುವುದು ಕೆಟ್ಟ ಚೌಕಾಸಿ. ಕ್ಯಾಬಿನೆಟ್ಟಿನೊಡನೆ ಪುಕ್ಕಟೆಯೆಂಬಂತೆ ಬಂದ ಹೆಸರಿಲ್ಲದ ಪೆಟ್ಟಿಗೆಗೆ ಹೊಸ ಕಾರ್ಡು ಸಿಕ್ಕಿಸಬಾರದು. ಅದು ಕೆಟ್ಟರೆ ತಾನೊಂದೇ ಕೆಡದೆ ಜೊತೆಯವರನ್ನೂ ಕೆಡಿಸಬಹುದು. ಮಧ್ಯಮ ದರ್ಜೆಯ ಕಾರ್ಡಿಗೆ ಒಳ್ಳೆಯ ಕಂಪೆನಿಯ 650 ವ್ಯಾಟಿನದು ಧಾರಾಳ. '80 ಪ್ಲಸ್' ಎಂಬ ಗುರುತು ವಿದ್ಯುತ್ತು ಎಷ್ಟು ಪೋಲಾಗುತ್ತದೆಂಬುದನ್ನು ಹೇಳುತ್ತದೆ, ಬಾಳಿಕೆಯನ್ನು ಹೇಳುವುದಿಲ್ಲ. ಆದುದರಿಂದ ವಾರಂಟಿಯ ವರ್ಷಗಳನ್ನೂ ನೋಡಬೇಕು. ಹಳೆಯ ಎಸ್‌ಎಂಪಿಎಸ್‌ನ ಕಳಚುವ ಕೇಬಲುಗಳನ್ನು ಹೊಸತಕ್ಕೆ ಹಾಕಲೇಬಾರದು; ತುದಿ ಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆಯಾಗಿರಬಹುದು.

ಸಾಮಾನ್ಯ 600 ವಿಎ ಯುಪಿಎಸ್ ತಾಳುವುದು ಸುಮಾರು 360 ವ್ಯಾಟಿನಷ್ಟನ್ನು ಮಾತ್ರ. ಆಟದ ನಡುವೆ ಕರೆಂಟು ಹೋದಾಗ ಅದು ಕೈಕೊಟ್ಟರೆ ದೂರು ಯಂತ್ರದ ಮೇಲೆ ಬೇಡ.

ಅರುವತ್ತು ಸಾವಿರದ ಹಂಚಿಕೆ

ಮನೆಯವರು 60,000 ರೂಪಾಯಿ ತೆಗೆದಿಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಬೆಲೆಗಳು ವಾರವಾರ ಏರಿಳಿಯುವುದರಿಂದ ಇದು ಬೆಲೆಪಟ್ಟಿಯಲ್ಲ, ಹಂಚಿಕೆಯ ಒಂದು ಮಾದರಿ. ಕಾರ್ಡಿಗೆ 32,000, ಪರದೆಗೆ 17,000, ಎಸ್‌ಎಂಪಿಎಸ್‌ಗೆ 6,000. ಉಳಿದ 5,000 ಕೈಯಲ್ಲಿರಲಿ. ಕೇಬಲು, ಯುಪಿಎಸ್ ಬ್ಯಾಟರಿ, ಪ್ರಯಾಣ ಇವಕ್ಕೆ ಬೇಕಾಗುತ್ತದೆ.

ಅಷ್ಟು ಹಣ ಒಮ್ಮೆಗೇ ಇಲ್ಲದವರು ಕಂತಿನ ಸಾಲಕ್ಕೆ ಬೀಳಬೇಕಾಗಿಲ್ಲ. ನಿರ್ಧರಿಸುವಾಗ ಪರದೆ ಮೊದಲು. ಕೊಳ್ಳುವಾಗ ಅದು ಕೊನೆಗೆ. ಮೊದಲು ಎಸ್‌ಎಂಪಿಎಸ್ ಮತ್ತು ಕಾರ್ಡು, ಕೆಲವು ತಿಂಗಳ ಮೇಲೆ ಪರದೆ. ಹೊಸ ಕಾರ್ಡು ಹಳೆಯ ಪರದೆಯಲ್ಲಿಯೂ ಚೆನ್ನಾಗಿ ದುಡಿಯುತ್ತದೆ. ಹೊಸ ಪರದೆಗೆ ಹಳೆಯ ಕಾರ್ಡು ಜೋಡಿಸಿದರೆ ಸಿಗುವುದು ಬೇಸರ ಮಾತ್ರ.

ಗಡಿ ದಾಟಿ ಪೇಟೆಗೆ

ಜೂಜುವಾಡಿಯವರಿಗೆ ಚೆನ್ನೈನ ರಿಚಿ ಸ್ಟ್ರೀಟು ಸುಮಾರು 300 ಕಿ.ಮೀ. ದೂರ. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರೂ ಎಸ್.ಪಿ. ರೋಡ್ ಎನ್ನುವ ಬೀದಿ, ಸುಮಾರು 35 ಕಿ.ಮೀ. ಮಾತ್ರ. ಅತ್ತಿಬೆಲೆಯಿಂದ ಬಸ್ಸಿನಲ್ಲಿ ಬೊಮ್ಮಸಂದ್ರ ತಲುಪಿದರೆ 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೊ ಸಿಗುತ್ತದೆ. ಆರ್.ವಿ. ರಸ್ತೆಯಲ್ಲಿ ಹಸುರು ಮಾರ್ಗಕ್ಕೆ ಬದಲಾಯಿಸಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಪೇಟೆ ನಡೆದು ಹೋಗುವಷ್ಟು ಹತ್ತಿರ.

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ಗಡಿ ತಪಾಸಣೆ ನಿಂತಿತು. ಕಾರ್ಡು, ಎಸ್‌ಎಂಪಿಎಸ್‌ಗಳಿಗೆ ಗಡಿಯ ಎರಡೂ ಕಡೆ ಶೇಕಡಾ 18ರ ಒಂದೇ ತೆರಿಗೆ. 32 ಅಂಗುಲಕ್ಕಿಂತ ದೊಡ್ಡ ಪರದೆಗಳ ಮೇಲಿದ್ದ ಶೇಕಡಾ 28 ಕೂಡ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ಆದುದರಿಂದ ತೆರಿಗೆಯ ಆಸೆಗೆ ಗಡಿ ದಾಟಬೇಕಾಗಿಲ್ಲ. ಆಯ್ಕೆ ಹೆಚ್ಚಿದೆಯೆಂದು ದಾಟಬಹುದು. "ಬಿಲ್ಲು ಬೇಡವಾದರೆ ಕಡಿಮೆ ಮಾಡಿಕೊಡುತ್ತೇವೆ" ಎಂಬ ಮಾತಿಗೆ ಯಾರೂ ಮರುಳಾಗಬಾರದು. ನಾಳೆ ಸಾಮಾನು ಕೆಟ್ಟಾಗ ಕೈಯಲ್ಲಿರುವ ಆಧಾರ ಆ ಬಿಲ್ಲೊಂದೇ. ಸರ್ವೀಸ್ ಕೇಂದ್ರ ಎಲ್ಲಿದೆಯೆಂದು ಹಣ ಕೊಡುವ ಮೊದಲೇ ಕೇಳಬೇಕು. ನಮ್ಮ ಕಾಸರಗೋಡಿನವರೂ ಇದನ್ನು ಕೇಳಲೇಬೇಕು. ಮಂಗಳೂರಿನಲ್ಲಿ ಕೊಂಡ ಸಾಮಾನನ್ನು ದುರಸ್ತಿಗೆ ಕೊಚ್ಚಿಗೆ ಒಯ್ಯಬೇಕಾದರೆ ಅಗ್ಗದ ಅರ್ಥವೇನು?

ಹಳೆಯ ಕಾರ್ಡು ಕೊಳ್ಳುವುದು ತಪ್ಪಲ್ಲ. ಆದರೆ ಮೂಲ ಬಿಲ್ಲು, ಸೀರಿಯಲ್ ನಂಬರು ಹೊಂದಬೇಕು. ಕಣ್ಣೆದುರಿಗೆ ಅರ್ಧ ಗಂಟೆಯಾದರೂ ದೊಡ್ಡ ಆಟವೊಂದನ್ನು ಓಡಿಸಿ ತೋರಿಸಬೇಕು. ಕಾರ್ಡಿನ ಉದ್ದ ಮನೆಯ ಕ್ಯಾಬಿನೆಟ್ಟಿಗೆ ಹಿಡಿಸುವುದೇ ಎಂದು ಹೊರಡುವ ಮೊದಲೇ ಅಳತೆ ತೆಗೆದುಕೊಂಡಿರಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕಾಲು ಚಾಚಲೇಬಾರದು ಎಂದವರಲ್ಲ. ಮಗ ಅಥವಾ ಮಗಳು ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾವುದು ಬೇಕು, ಯಾವುದು ಬೇಡ, ಏಕೆ ಎಂಬುದನ್ನು ಕನ್ನಡದಲ್ಲಿ ಅಪ್ಪ ಅಮ್ಮನಿಗೆ ಓದಿ ಹೇಳಲಿ. ಕಾರಣ ಕೊಡಬಲ್ಲ ಮಕ್ಕಳಿಗೆ ಹಣ ಕೊಡಲು ಹಿಂಜರಿಯುವ ತಂದೆತಾಯಿ ಗಡಿಯ ಈ ಕಡೆಯೂ ಆ ಕಡೆಯೂ ಕಡಿಮೆಯೆಂದೇ ನಮ್ಮ ನಂಬಿಕೆ.