ಜೈಲಿನೊಳಗೆ ಕಂಪ್ಯೂಟರ್ ಪಾಠ

ಜೈಲು ಅಂದ ಕೂಡಲೆ ಎತ್ತರದ ಗೋಡೆ, ದೊಡ್ಡ ಬೀಗ, ಕಲ್ಲು ಒಡೆಯುವ ಕೈದಿಗಳು ನೆನಪಾಗುತ್ತಾರೆ. ಸಿನಿಮಾದಲ್ಲಿ ನಾವು ನೋಡಿದ್ದು ಅದನ್ನೇ ಅಲ್ವಾ? ಆದರೆ ಈಗ ಹಲವು ಜೈಲುಗಳಲ್ಲಿ ಕೈದಿಗಳು ಕಂಪ್ಯೂಟರ್ ಕಲಿಯುತ್ತಾರೆ.

ದೆಹಲಿಯಲ್ಲಿ ತಿಹಾರ್ ಎಂಬ ದೊಡ್ಡ ಜೈಲಿದೆ. 1993ರಲ್ಲಿ ಕಿರಣ್ ಬೇಡಿ ಎಂಬ ಪೊಲೀಸ್ ಅಧಿಕಾರಿ ಅದರ ಹೊಣೆ ಹೊತ್ತರು. ಆಗ ಅಲ್ಲಿ ಜಾಗಕ್ಕೆ ಮೀರಿ ಜನ ತುಂಬಿದ್ದರು. ಅಷ್ಟು ಮಂದಿಗೆ ಮೇಷ್ಟ್ರನ್ನು ಎಲ್ಲಿಂದ ತರುವುದು? ಓದು ಬಂದ ಕೈದಿಗಳೇ ಓದು ಬಾರದವರಿಗೆ ಅಕ್ಷರ ಕಲಿಸಿದರು. 1994ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಜೈಲಿನ ಒಳಗೇ ಕೇಂದ್ರ ತೆರೆಯಿತು. ಮುಂದೆ ಕಂಪ್ಯೂಟರ್ ತರಬೇತಿಯೂ ಬಂತು. 2011ರಲ್ಲಿ ಕಂಪನಿಯವರು ಜೈಲಿಗೇ ಬಂದು, ಬಿಡುಗಡೆ ಹತ್ತಿರವಿದ್ದ ಕೆಲವರನ್ನು ಕೆಲಸಕ್ಕೆ ಆರಿಸಿದರು.

ಅಲ್ಲಿ ಏನು ಕಲಿಸುತ್ತಾರೆ? ಮೊದಲು ಕೀಲಿಮಣೆ. ಅದರ ಮೇಲೆ ಅಕ್ಷರಗಳ ಗುಂಡಿಗಳಿರುತ್ತವೆ. ಗುಂಡಿ ಒತ್ತಿದರೆ ಎದುರಿನ ಪರದೆಯ ಮೇಲೆ ಅಕ್ಷರ ಮೂಡುತ್ತದೆ. ನಾವು ಸ್ಲೇಟಿನ ಮೇಲೆ ಅ, ಆ ತಿದ್ದಿದ ಹಾಗೆ ಅವರೂ ಬೆರಳು ಪಳಗಿಸುತ್ತಾರೆ. ಆಮೇಲೆ ಪತ್ರ ಬರೆಯುವುದು, ಅಂಗಡಿ ಲೆಕ್ಕ ಇಡುವುದು. ಇಂಟರ್ನೆಟ್ ಮಾತ್ರ ಸಾಮಾನ್ಯವಾಗಿ ಕೊಡುವುದಿಲ್ಲ. ಒಳಗಿದ್ದುಕೊಂಡೇ ಸಾಕ್ಷಿ ಹೇಳುವವರನ್ನು ಯಾರಾದರೂ ಹೆದರಿಸಬಾರದಲ್ಲ!

“ತಪ್ಪು ಮಾಡಿದವರಿಗೆ ಕಂಪ್ಯೂಟರ್ ಯಾಕಮ್ಮ? ನಮ್ಮ ಮಕ್ಕಳಿಗೇ ಇಲ್ಲ” ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ಶಾಲೆಗೆ ಕಂಪ್ಯೂಟರ್ ಬೇಕೆಂದು ನಾವು ಪಂಚಾಯಿತಿಯಲ್ಲಿ ಕೇಳೋಣ. ಆದರೆ ಈ ಲೆಕ್ಕವನ್ನೂ ನೋಡಿ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ ಸುಮಾರು 5 ಲಕ್ಷ 73 ಸಾವಿರ ಜನ ಇದ್ದರು. ಅವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾ ಕೈದಿಗಳು. ಅಂದರೆ ಅವರ ಕೇಸು ಇನ್ನೂ ತೀರ್ಮಾನ ಆಗಿರಲಿಲ್ಲ. ತಪ್ಪು ಮಾಡಿದ್ದಾರೋ ಇಲ್ಲವೋ, ನ್ಯಾಯಾಲಯ ಇನ್ನೂ ಹೇಳಬೇಕಿತ್ತು. ಶಿಕ್ಷೆ ಆದವರೂ ಹೆಚ್ಚಿನವರು ಒಂದು ದಿನ ಊರಿಗೆ ಬರುವವರೇ. ಯಾವ ಕಸುಬೂ ಇಲ್ಲದೆ ಬಂದರೆ ಹೊಟ್ಟೆಗೆ ಏನು ಮಾಡಬೇಕು? ಜೈಲಿಗೆ ಹೋಗಿ ಬಂದವರನ್ನು ಕೂಲಿಗೆ ಕರೆಯಲೂ ಜನ ಹಿಂದೆ ಮುಂದೆ ನೋಡುತ್ತಾರೆ.

ಆ ಲೆಕ್ಕದಲ್ಲಿ ಹೆಂಗಸರು ಸುಮಾರು 23,700. ನೂರಕ್ಕೆ ನಾಲ್ಕು ಮಂದಿ. ಸಂಖ್ಯೆ ಕಡಿಮೆ ಇರುವುದೇ ಅವರಿಗೆ ತೊಂದರೆ. ಹೆಂಗಸರಿಗೇ ಬೇರೆ ಜೈಲು ಇರುವುದು ಕೆಲವೇ ಕಡೆ. ಬಹಳಷ್ಟು ಮಂದಿ ಗಂಡಸರ ಜೈಲಿನ ಒಂದು ಮೂಲೆಯ ವಿಭಾಗದಲ್ಲಿ ಇರುತ್ತಾರೆ. ಕಂಪ್ಯೂಟರ್ ಕೋಣೆ ಗಂಡಸರ ಕಡೆ ಇದ್ದರೆ ಇವರು ಅಲ್ಲಿಗೆ ಹೋಗುವಂತಿಲ್ಲ. ಇವರ ಪಾಲಿಗೆ ಹೊಲಿಗೆ, ಕಸೂತಿ, ಹಪ್ಪಳ. ಹೊಲಿಗೆ ಒಳ್ಳೆಯ ಕಸುಬೇ, ನಾನೂ ಮನೆಯಲ್ಲಿ ಹೊಲಿಯುತ್ತೇನೆ. ಆದರೆ ಗಂಡಿಗೆ ಕಂಪ್ಯೂಟರ್, ಹೆಣ್ಣಿಗೆ ಸೂಜಿ ಅಂತ ಹಂಚಿದವರು ಯಾರು? ಕೆಲವರ ಜೊತೆ ಪುಟ್ಟ ಮಕ್ಕಳೂ ಇರುತ್ತಾರೆ. ಆರು ವರ್ಷದವರೆಗೆ ಮಗು ತಾಯಿಯ ಹತ್ತಿರ ಇರಬಹುದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆ ಮಗುವನ್ನು ಮುಂದೆ ಸಾಕಬೇಕಾದವಳೂ ಆ ತಾಯಿಯೇ.

ನಿಮ್ಮ ಕಡೆಯವರು ಯಾರಾದರೂ ಜೈಲಿನಲ್ಲಿದ್ದರೆ, ಭೇಟಿಗೆ ಹೋದಾಗ ಅಲ್ಲಿ ಯಾವ ಯಾವ ತರಬೇತಿ ಇದೆ ಎಂದು ವಿಚಾರಿಸಿ. ಸೇರಿಸಿಕೊಳ್ಳಿ ಎಂದು ಕೈದಿಯೇ ಜೈಲಿನ ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಡಬಹುದು. ವಕೀಲರಿಗೆ ಕೊಡಲು ಹಣವಿಲ್ಲವೇ? 1987ರ ಕಾನೂನಿನಂತೆ ಜೈಲಿನಲ್ಲಿರುವವರಿಗೂ ಎಲ್ಲ ಹೆಂಗಸರಿಗೂ ಉಚಿತವಾಗಿ ವಕೀಲರು ಸಿಗುತ್ತಾರೆ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ. ಅಲ್ಲಿಗೆ ಕೊಡುವ ಅರ್ಜಿಯನ್ನು ಈಗ ನೀವೇ ಬರೆಯಬಲ್ಲಿರಿ.