ಆರೋಪಿ ಸ್ಥಾನದಲ್ಲಿ ಜೋಳ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯ ನಿತ್ಯದ ಊಟವಾಗಿರುವ ಜೋಳವು ಒಂದು ಕಾಲಕ್ಕೆ ರೋಗ ತರುವ ಧಾನ್ಯವೆಂಬ ಆರೋಪ ಹೊತ್ತಿತ್ತೆಂಬುದನ್ನು, ಅದನ್ನೇ ಆರೋಗ್ಯದ ಹೆಸರಿನಲ್ಲಿ ಪೊಟ್ಟಣ ಕಟ್ಟಿ ದುಬಾರಿ ಬೆಲೆಗೆ ಮಾರುವ ಇಂದಿನ ಪೇಟೆ ಮರೆತೇಬಿಟ್ಟಿದೆ.

ಬಿಸಿಲು ತಾಗಿದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ, ಇವು ಪೆಲ್ಲಾಗ್ರ ರೋಗದ ಲಕ್ಷಣಗಳು. ಬಿ ಗುಂಪಿನ ಜೀವಸತ್ವವಾದ ನಯಾಸಿನ್ ಕೊರತೆ ಅದರ ಮೂಲ. ದೇಹವು ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದ 1 ಮಿಲಿಗ್ರಾಂ ನಯಾಸಿನ್ ತಯಾರಿಸಿಕೊಳ್ಳಬಲ್ಲದಾದರೂ ಮೆಕ್ಕೆಜೋಳದಲ್ಲಿ ಟ್ರಿಪ್ಟೊಫಾನ್ ತೀರ ಕಡಿಮೆಯಿರುವುದರಿಂದ, ಅದನ್ನೇ ನೆಚ್ಚಿದ ಬಡವರನ್ನು ಈ ರೋಗ ಕಾಡುತ್ತಿತ್ತು. ಆದರೆ ಜೋಳದಲ್ಲಿ ಟ್ರಿಪ್ಟೊಫಾನ್ ಅಷ್ಟು ಕಡಿಮೆಯಿಲ್ಲ. ಆದರೂ ದಖ್ಖನ್ನಿನ ಜೋಳವುಣ್ಣುವ ಬಡವರಲ್ಲಿ ಪೆಲ್ಲಾಗ್ರ ಕಾಣಿಸುತ್ತಿತ್ತು.

ಕೂನೂರಿನಿಂದ ಹೈದರಾಬಾದಿಗೆ ಸ್ಥಳಾಂತರಗೊಂಡಿದ್ದ, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾದ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಒಗಟಿಗೆ ಉತ್ತರವೊಂದನ್ನು ಮುಂದಿಟ್ಟರು: ಜೋಳದ ಪ್ರೋಟೀನಿನಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲವು ಟ್ರಿಪ್ಟೊಫಾನ್ ಹಾಗೂ ನಯಾಸಿನ್‌ಗಳ ಬಳಕೆಗೆ ಅಡ್ಡಬರುತ್ತದೆ. ನಾಯಿಗಳಲ್ಲಿ ಪೆಲ್ಲಾಗ್ರಕ್ಕೆ ಸಮನಾದ ಕಪ್ಪು ನಾಲಿಗೆ ರೋಗದಲ್ಲಿಯೂ ಲ್ಯೂಸಿನ್‌ನ ಪಾತ್ರವಿದೆಯೆಂದು ಭವಾನಿ ಬೆಳವಾಡಿ ಅವರೂ ಒಳಗೊಂಡ ತಂಡ 1969ರಲ್ಲಿ ವಾದಿಸಿತು. ಬೇರೆ ಪ್ರಯೋಗಾಲಯಗಳಿಗೆ ಎಲ್ಲ ಫಲಿತಾಂಶಗಳೂ ಹಾಗೆಯೇ ದೊರೆಯದ ಕಾರಣ ಜಗಳ ದಶಕಗಳ ಕಾಲ ಮುಂದುವರಿಯಿತು.

ಇಷ್ಟೆಲ್ಲ ವಾದದಲ್ಲಿ ಜೋಳದ ಜೊತೆಗೆ ಏನನ್ನು ಉಣ್ಣುತ್ತಿದ್ದರೆಂಬ ಪ್ರಶ್ನೆಗೆ ತಕ್ಕ ಮನ್ನಣೆ ಸಿಗಲಿಲ್ಲ. ಈ ಸೀಮೆಯ ಕಾಗಿಣಾ ನದಿಯ ದಂಡೆಯ ಉಳ್ಳವರ ತಾಟಿನಲ್ಲಿ ಬಿಸಿ ರೊಟ್ಟಿಯ ಮಗ್ಗುಲಿಗೆ ತೊಗರಿ ಬೇಳೆ ಹಾಕಿದ ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇರುತ್ತಿದ್ದವು. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದ್ದರೆ, ಮಜ್ಜಿಗೆ ಟ್ರಿಪ್ಟೊಫಾನ್ ಒದಗಿಸುತ್ತದೆ, ಪುಂಡಿಯ ಹುಳಿಯು ಧಾನ್ಯದ ಫೈಟೇಟುಗಳು ತಡೆಹಿಡಿಯುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಬರಗಾಲದಲ್ಲಿ ಬರೀ ರೊಟ್ಟಿ, ಉಪ್ಪು, ಖಾರದಲ್ಲಿ ದಿನ ನೂಕಿದ ಕೂಲಿಯವನಿಗೆ ಇವಾವುವೂ ದಕ್ಕುತ್ತಿರಲಿಲ್ಲ.

2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ದೂರದ ಪೇಟೆಗಳಲ್ಲಿ ಹೆಸರು ಮಾಡಿದೆ, ಆದರೆ ಅದನ್ನು ಬೆಳೆದವರ ಮನೆಯಲ್ಲಿಯೇ ರೊಟ್ಟಿಯ ಜಾಗವನ್ನು ಪಡಿತರದ ಅಕ್ಕಿ ಆಕ್ರಮಿಸುತ್ತಿದೆ. ಅಂದು ಜೋಳವೊಂದನ್ನೇ ದೂರಿದ್ದೂ ಇಂದು ಜೋಳವೊಂದನ್ನೇ ಹೊಗಳುತ್ತಿರುವುದೂ ಒಂದೇ ಬಗೆಯ ತಪ್ಪು. ಲೆಕ್ಕಕ್ಕೆ ಬರಬೇಕಾದದ್ದು ಇಡೀ ತಾಟು, ಮತ್ತು ಅದನ್ನು ತುಂಬಿಕೊಳ್ಳುವ ಶಕ್ತಿ ಯಾರಿಗಿದೆ ಎಂಬ ಪ್ರಶ್ನೆ.